ಕಿಟಕಿಯ ಕೆಳಗಿನ ಮೂರು ಇಂಚು

ಕಳೆದ ತಿಂಗಳು ಮಲಗುವ ಕೋಣೆಯ ಕಿಟಕಿಗೆ ಹೊಸ ಬಣ್ಣ ಬಳಿಯೋಣ ಅಂತ ಹಳೇ ಬಣ್ಣ ಕೆರೆಯುತ್ತಾ ಕೂತಿದ್ದೆ. ಕದದ ಕೆಳಗಿನ ಅಡ್ಡಪಟ್ಟಿಯ ಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಬೆರಳಿನಿಂದ ಒತ್ತಿದರೆ ಒಳಗೆ ಹೋಯಿತು. ಸ್ಕ್ರೂಡ್ರೈವರ್ ಮೊನೆ ಇಟ್ಟು ತಳ್ಳಿದೆ, ಒದ್ದೆ ಮಣ್ಣಿಗೆ ಚುಚ್ಚಿದ ಹಾಗೆ ಒಂದು ಇಂಚು ಇಳಿದುಬಿಟ್ಟಿತು. ಹೊರಗೆಳೆದಾಗ ಕಂದು ಬಣ್ಣದ ಸಣ್ಣ ಸಣ್ಣ ಚೌಕದ ಚೂರುಗಳು ಉದುರಿದವು. ಬೆರಳಲ್ಲಿ ತಿಕ್ಕಿದರೆ ಪುಡಿ. ಮೂಸಿದರೆ ಅಣಬೆ ವಾಸನೆ.

ಅದೇ ಪಟ್ಟಿಯಿಂದ ಮೂರು ಇಂಚು ಮೇಲೆ, ಅದೇ ಕದದ ನಿಲುವು ಪಟ್ಟಿಗೆ ಅದೇ ಮೊನೆಯನ್ನು ಅಷ್ಟೇ ಜೋರಾಗಿ ಒತ್ತಿದೆ. ಒಂದು ಗುರುತೂ ಬೀಳಲಿಲ್ಲ. ಹತ್ತರಿ ಎಳೆದರೆ ನಿನ್ನೆ ಮೊನ್ನೆ ತಂದ ಮರದ ಹಾಗೆ ಸುರುಳಿ ಸುರುಳಿಯಾಗಿ ಬಂತು. ಇಷ್ಟು ವರ್ಷ ಮಳೆ ಬಿಸಿಲು ಎರಡೂ ತಿಂದ ಕಿಟಕಿ ಅದು.

ನೋಡಲು ಬಂದವರೊಬ್ಬರು ಎರಡು ನಿಮಿಷದಲ್ಲಿ ತೀರ್ಪು ಕೊಟ್ಟರು. ಮರದ ಕಥೆ ಇಷ್ಟೇ, ಎಲ್ಲಾ ಕಿತ್ತು ಹಾಕಿ ಅಲ್ಯೂಮಿನಿಯಂ ಕೂರಿಸಿ, ಮತ್ತೆ ತಲೆನೋವೇ ಇಲ್ಲ ಅಂತ. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಕೆಟ್ಟಿದ್ದು ಕೆಳಗಿನ ಮೂರು ಇಂಚು ಮಾತ್ರ. ಉಳಿದದ್ದೆಲ್ಲ ಗಟ್ಟಿ. ಮೂರು ಇಂಚಿಗೋಸ್ಕರ ಇಡೀ ಕಿಟಕಿ ಯಾಕೆ ಕೀಳಬೇಕು? ಅದಕ್ಕಿಂತ ಮುಖ್ಯವಾಗಿ, ಆ ಮೂರು ಇಂಚು ಯಾಕೆ ಕೆಟ್ಟಿತು?

ಮರವನ್ನು ಕೊಳೆಸುವುದು ವಯಸ್ಸಲ್ಲ, ಅಣಬೆಯ ಜಾತಿಯ ಒಂದು ಜೀವಿ. ಅದಕ್ಕೆ ನೀರು ಬೇಕೇ ಬೇಕು. ಮರದ ಒಣ ತೂಕಕ್ಕೆ ಹೋಲಿಸಿದರೆ ಅದರಲ್ಲಿರುವ ತೇವ 20%ಗಿಂತ ಕಡಿಮೆ ಇದ್ದರೆ ಈ ಕೊಳೆ ಶುರುವಾಗುವುದೇ ಇಲ್ಲ. ಸರಿಯಾಗಿ ಒಣಗಿಸಿ ಕೂರಿಸಿದ ಕಿಟಕಿಯ ಮರದಲ್ಲಿ ತೇವ ಸಾಮಾನ್ಯವಾಗಿ 12%ರ ಆಸುಪಾಸಿನಲ್ಲಿರುತ್ತದೆ. ಮಳೆಯಲ್ಲಿ ನೆನೆದು ಎರಡು ದಿನದಲ್ಲಿ ಒಣಗಿದರೂ ಏನೂ ಆಗುವುದಿಲ್ಲ. ನೆನೆದ ಮರ ಒಣಗದೆ ಹಾಗೇ ಉಳಿದಾಗ ಮಾತ್ರ ಕೆಡುತ್ತದೆ. ಕಿಟಕಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಹೇಳಿ? ಗಾಜಿನ ಮೇಲೆ ಬಿದ್ದದ್ದೆಲ್ಲ ಜಾರಿ ಕೆಳಗಿನ ಪಟ್ಟಿಗೇ ಬರುತ್ತದೆ. ಅಲ್ಲಿ ಮೂಲೆಯಲ್ಲಿ ನಿಲುವು ಪಟ್ಟಿ, ಅಡ್ಡಪಟ್ಟಿ ಎರಡೂ ಕೂಡುತ್ತವೆ. ಆ ಕೂಡಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು.

ಇನ್ನೊಂದು ವಿಷಯ ಇದೆ, ಇದು ಗೊತ್ತಾದ ಮೇಲೆ ನಾನು ಮರವನ್ನು ನೋಡುವ ರೀತಿಯೇ ಬದಲಾಯಿತು. ಮರ ಅಂದರೆ ಉದ್ದುದ್ದ ನಳಿಕೆಗಳ ಕಟ್ಟು. ಜೀವ ಇದ್ದಾಗ ಬೇರಿನಿಂದ ಎಲೆಗೆ ನೀರು ಸಾಗಿಸಿದ ನಳಿಕೆಗಳೇ ಅವು. ಹಲಗೆಯ ಅಗಲದ ಮುಖಕ್ಕೆ ನೀರು ಬಿದ್ದರೆ ಒಳಗೆ ಹೋಗುವುದು ನಿಧಾನ. ಅಡ್ಡ ಕೊಯ್ದ ತುದಿಗೆ ತಾಗಿದರೆ ಸ್ಟ್ರಾ ಕಟ್ಟನ್ನು ನೀರಲ್ಲಿ ನಿಲ್ಲಿಸಿದ ಹಾಗೆ, ಎಷ್ಟೋ ಪಟ್ಟು ಬೇಗ ಹೀರಿಕೊಳ್ಳುತ್ತದೆ. ನನ್ನ ಕಿಟಕಿಯ ಕದದ ನಿಲುವು ಪಟ್ಟಿಗಳ ಕೆಳ ತುದಿಗೆ ಯಾರೂ ಒಂದು ಸಲವೂ ಬಣ್ಣ ಮುಟ್ಟಿಸಿರಲಿಲ್ಲ. ಕಣ್ಣಿಗೆ ಕಾಣದ ಜಾಗ ಅಲ್ವಾ, ಬಿಟ್ಟುಬಿಟ್ಟಿದ್ದರು. ಮುಂದೆ ಹೊಳೆಯುವ ಹಾಗೆ ಮೂರು ಕೈ ಬಣ್ಣ, ಕೆಳಗೆ ಬರೀ ಮರ. ಒಳಗೆ ಹೋದ ನೀರು ಹೊರಗೆ ಬರಲು ಆ ಮೂರು ಕೈ ಬಣ್ಣವೇ ಅಡ್ಡ. ಅಲ್ಲೇ ಕೂತು ಕೊಳೆಯಿತು.

ನಾರ್ವೆಯಲ್ಲಿ ಮರದ ಹಳೇ ಚರ್ಚುಗಳಿವೆ. ಅವುಗಳಲ್ಲಿ ಬೊರ್ಗುಂಡ್ ಎಂಬ ಊರಿನದು 1200ರ ಸುಮಾರಿಗೆ ಕಟ್ಟಿದ್ದು, ಇವತ್ತಿಗೂ ನಿಂತಿದೆ. ಅದಕ್ಕೂ ಮೊದಲು ಕಟ್ಟಿದವರು ಕಂಬಗಳನ್ನು ನೇರ ಮಣ್ಣಲ್ಲಿ ಹೂಳುತ್ತಿದ್ದರು, ಅವೆಲ್ಲ ಬುಡದಲ್ಲಿ ಕೊಳೆತು ಹೋದವು. ಆಮೇಲೆ ಕಲ್ಲಿನ ಅಡಿಪಾಯದ ಮೇಲೆ ಒಂದು ತೊಲೆ ಮಲಗಿಸಿ, ಅದರ ಮೇಲೆ ಕಂಬ ನಿಲ್ಲಿಸಲು ಶುರು ಮಾಡಿದರು. ಮರ ಬೇರೆಯದಾಗಬೇಕಿರಲಿಲ್ಲ, ಬುಡವನ್ನು ಒದ್ದೆ ನೆಲದಿಂದ ಮೇಲೆ ಎತ್ತಿದ್ದೇ ಸಾಕಾಯಿತು. ಎಂಟು ನೂರು ವರ್ಷ! ನಮ್ಮ ಬಾಗಿಲಿನ ದಾರಂದದ ಕಾಲುಗಳನ್ನು ನಾವು ಈಗಲೂ ನೆಲದ ಸಿಮೆಂಟಿನಲ್ಲಿ ಹೂಳುತ್ತೇವೆ, ಅದೂ ಬಚ್ಚಲಿನ ಬಾಗಿಲಿನಲ್ಲಿ.

ಸರಿ, ರಿಪೇರಿಗೆ ಬರುತ್ತೇನೆ. ಕದ ಬಿಚ್ಚಿ ಮೇಜಿನ ಮೇಲೆ ಮಲಗಿಸಿದೆ. ಒಬ್ಬ ಹಿರಿಯ ಬಡಗಿ ಜೊತೆಗಿದ್ದರು, ಕೈ ಅವರದು, ಹಿಡಿದುಕೊಂಡದ್ದು ನಾನು. ಕೆಳಗಿನ ಅಡ್ಡಪಟ್ಟಿಯನ್ನು ಪೂರ್ತಿ ತೆಗೆದರು. ಹಳೇ ಕಾಲದ ಕೂಡು, ಅಡ್ಡಪಟ್ಟಿಯ ನಾಲಿಗೆ ನಿಲುವು ಪಟ್ಟಿಯ ತೂತಿನಲ್ಲಿ ಕೂತು ಒಂದು ಮರದ ಗೂಟ ಹೊಡೆದಿತ್ತು. ಗೂಟ ಹೊರಗೆ ಬಡಿದರೆ ಕೂಡು ಬಿಚ್ಚಿತು. ನಿಲುವು ಪಟ್ಟಿಗಳ ಕೊಳೆತ ತುದಿಯನ್ನು ನೇರ ಕೊಯ್ಯಲಿಲ್ಲ, ಓರೆಯಾಗಿ ಕೊಯ್ದರು. ಓರೆ ಕೊಯ್ದರೆ ಅಂಟು ಹಿಡಿಯಲು ಜಾಗ ಜಾಸ್ತಿ. ಓರೆಯ ಇಳಿಜಾರು ಹೊರಗಿನ ಕಡೆಗೆ ಇರಬೇಕು ಅಂದರು, ಮುಂದೆ ಎಂದಾದರೂ ಆ ಗೆರೆಯಲ್ಲಿ ನೀರು ಇಳಿದರೆ ಒಳಗೆ ಬರದೆ ಹೊರಗೇ ಹೋಗಲಿ ಅಂತ. ಅದೇ ಜಾತಿಯ ಮರ, ಎಳೆಯೂ ಅದೇ ದಿಕ್ಕಿಗೆ. ನೀರು ತಾಳುವ ಅಂಟು ಹಾಕಿ ಬಿಗಿ ಹಿಡಿಸಿ ಒಂದು ರಾತ್ರಿ ಬಿಟ್ಟೆವು. ಮರುದಿನ ಹತ್ತರಿ ಎಳೆದ ಮೇಲೆ ಬೆರಳು ಆಡಿಸಿದರೆ ಕೂಡು ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ, ಕಣ್ಣಿಗೆ ಮಾತ್ರ ಬಣ್ಣದ ವ್ಯತ್ಯಾಸ ಕಾಣುತ್ತಿತ್ತು.

ಹೊಸ ಅಡ್ಡಪಟ್ಟಿ ಕೂರಿಸುವ ಮೊದಲು ಅದರ ಕೆಳಮೈಯಲ್ಲಿ, ಹೊರ ಅಂಚಿನಿಂದ ಸ್ವಲ್ಪ ಒಳಗೆ, ಉದ್ದಕ್ಕೂ ಒಂದು ಸಣ್ಣ ಗ್ರೂವ್ ಕೊರೆದರು. ಹಳೇ ಪಟ್ಟಿಯಲ್ಲಿ ಅದು ಇರಲಿಲ್ಲ. ನೀರಿನ ಹನಿಗೆ ಒಂದು ಬುದ್ಧಿ ಇದೆ, ಅಂಚಿಗೆ ಬಂದರೂ ಬೀಳದೆ ಕೆಳಮೈಗೆ ಅಂಟಿಕೊಂಡು ಒಳಗೊಳಗೆ ಹರಿಯುತ್ತದೆ. ಗ್ರೂವ್ ಸಿಕ್ಕರೆ ದಾಟಲಾಗದೆ ಅಲ್ಲೇ ಕೆಳಗೆ ಬೀಳುತ್ತದೆ. ಪಟ್ಟಿಯ ಮೇಲಿನ ಅಂಚಿಗೆ ಹೊರಗಿನ ಕಡೆ ಇಳಿಜಾರು ಕೊಟ್ಟು ಚೂಪು ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿದರು, ಯಾಕೆಂದರೆ ಚೂಪು ಅಂಚಿನಲ್ಲಿ ಬಣ್ಣ ನಿಲ್ಲುವುದೇ ಇಲ್ಲ, ತೆಳುವಾಗಿ ಮೊದಲು ಸೀಳುವುದು ಅಲ್ಲೇ. ತುದಿಗಳಿಗೆ ಪ್ರೈಮರ್ ಕುಡಿಸಿದರು. ಕುಡಿಸಿದರು ಅಂತಲೇ ಹೇಳಬೇಕು, ಮೂರು ಸಲ ಬಳಿದರೂ ಕ್ಷಣದಲ್ಲಿ ಒಳಗೆ ಹೋಗುತ್ತಿತ್ತು. ನಾಲ್ಕನೇ ಸಲ ಮೇಲೆ ನಿಂತಿತು.

ನನ್ನ ಮಟ್ಟಿಗೆ ಮರದ ಕಿಟಕಿಯ ದೊಡ್ಡ ಗುಣ ಇದೇ. ಬಿಚ್ಚಬಹುದು, ಕೆಟ್ಟಷ್ಟನ್ನೇ ಕೊಯ್ದು ಬೇರೆ ಸೇರಿಸಬಹುದು. ಪಿವಿಸಿ ಚೌಕಟ್ಟಿನ ಮೂಲೆಯನ್ನು ಕರಗಿಸಿ ಬೆಸೆದಿರುತ್ತಾರೆ, ಅಲ್ಲಿ ಬಿರುಕು ಬಿಟ್ಟರೆ ಇಡೀ ಚೌಕಟ್ಟೇ ಹೋಯಿತು. ಪರಿಸರಸ್ನೇಹಿ ಮನೆ ಅಂತ ಮಾತಾಡುವಾಗ ಯಾವ ವಸ್ತು ಅಂತ ಎಲ್ಲರೂ ಕೇಳುತ್ತಾರೆ, ಎಷ್ಟು ವರ್ಷ ಬಾಳುತ್ತದೆ ಮತ್ತು ಯಾರು ಸರಿ ಮಾಡಬಹುದು ಅಂತ ಕೇಳುವವರು ಕಡಿಮೆ.

ವಸ್ತುವಿನ ಲೆಕ್ಕವೂ ಸಣ್ಣದಲ್ಲ. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಕಿಲೋ ಒಣ ಮರ ಬೆಳೆಯುವಾಗ ಗಾಳಿಯಿಂದ ಹೆಚ್ಚು ಕಡಿಮೆ 1.8 ಕಿಲೋ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಿರುತ್ತದೆ. ಆ ಮರ ಕಿಟಕಿಯಾಗಿ ಗೋಡೆಯಲ್ಲಿ ಇರುವಷ್ಟು ದಿನ ಆ ಇಂಗಾಲವೂ ಅಲ್ಲೇ ಇರುತ್ತದೆ. ಅದಿರಿನಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು, ಕರಗಿಸುವ ಹಂತ ಒಂದಕ್ಕೇ 13ರಿಂದ 15 ಯೂನಿಟ್ ಕರೆಂಟು ಬೇಕು. ಹಳೇ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಿದರೆ ಅದರ ಇಪ್ಪತ್ತನೇ ಒಂದು ಭಾಗದಷ್ಟು ಶಕ್ತಿ ಸಾಕು, ಅದನ್ನೂ ಹೇಳಬೇಕು.

ಶಾಖದ ವಿಷಯ. ಮರದ ಮೂಲಕ ಶಾಖ ಹರಿಯುವುದಕ್ಕಿಂತ ಅಲ್ಯೂಮಿನಿಯಂ ಮೂಲಕ ಸುಮಾರು ಸಾವಿರ ಪಟ್ಟು ಸಲೀಸಾಗಿ ಹರಿಯುತ್ತದೆ. ಇದು ಬರೀ ಕರೆಂಟ್ ಬಿಲ್ಲಿನ ಮಾತಲ್ಲ, ಆರೋಗ್ಯದ ಮಾತು. ಕೋಣೆಯೊಳಗೆ 20 ಡಿಗ್ರಿ ಇದೆ, ಗಾಳಿಯ ತೇವಾಂಶ 50% ಇದೆ ಅಂದುಕೊಳ್ಳಿ. ಆ ಗಾಳಿ ತಾಗುವ ಮೈ ಸುಮಾರು 9 ಡಿಗ್ರಿಗೆ ಇಳಿದರೆ ಅಲ್ಲಿ ನೀರು ಹನಿಗಟ್ಟುತ್ತದೆ. ಬೂಷ್ಟಿಗೆ ಹನಿಯೂ ಬೇಕಿಲ್ಲ, ಗೋಡೆಗೋ ಚೌಕಟ್ಟಿಗೋ ಒತ್ತಿಕೊಂಡಿರುವ ಗಾಳಿಯ ತೇವಾಂಶ 80% ದಾಟಿ ದಿನಗಟ್ಟಲೆ ಹಾಗೇ ಇದ್ದರೆ ಸಾಕು. ಚಳಿಯ ರಾತ್ರಿ ಲೋಹದ ಚೌಕಟ್ಟು ಹೊರಗಿನ ತಂಪನ್ನು ನೇರ ಒಳಗೆ ತಂದಿಡುತ್ತದೆ. ಬೆಳಿಗ್ಗೆ ಎದ್ದರೆ ಚೌಕಟ್ಟು ಬೆವತಿರುತ್ತದೆ, ಪಕ್ಕದ ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕಿ. ಉಬ್ಬಸ, ಅಲರ್ಜಿ ಇರುವವರಿಗೆ ಆ ಕಪ್ಪು ಚುಕ್ಕಿ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮರದ ಚೌಕಟ್ಟಿನ ಒಳಮೈ ಬೆಚ್ಚಗೇ ಇರುತ್ತದೆ. ಬಿಸಿಲಿನ ಕಡೆಯ ಕಿಟಕಿಯಲ್ಲಿ ಇದೇ ಲೆಕ್ಕ ತಿರುಗಿಸಿ ಓದಿಕೊಳ್ಳಿ.

ಆದರೆ ಮರವೊಂದೇ ಎಲ್ಲಾ ಮಾಡುತ್ತದೆ ಅಂತಲ್ಲ. ಪಿವಿಸಿಯೂ ಶಾಖ ತಡೆಯುವುದರಲ್ಲಿ ಮರಕ್ಕೆ ಸಮವಾಗೇ ಇದೆ. ಅಲ್ಯೂಮಿನಿಯಂ ಚೌಕಟ್ಟಿನ ನಡುವೆ ಶಾಖ ದಾಟದ ಹಾಗೆ ತಡೆಯುವ ಥರ್ಮಲ್ ಬ್ರೇಕ್ ಪಟ್ಟಿ ಇದ್ದರೆ ಅದೂ ಎಷ್ಟೋ ಸುಧಾರಿಸುತ್ತದೆ. ಮತ್ತೆ ಕಿಟಕಿಯಲ್ಲಿ ಚೌಕಟ್ಟಿಗಿಂತ ಗಾಜೇ ಜಾಸ್ತಿ. ಒಂಟಿ ಗಾಜಿನ ಯು ವ್ಯಾಲ್ಯೂ, ಅಂದರೆ ಅದರ ಮೂಲಕ ಶಾಖ ಎಷ್ಟು ದಾಟುತ್ತದೆ ಅನ್ನುವ ಅಳತೆ, ಹೆಚ್ಚು ಕಡಿಮೆ 5.8, ಮಾಮೂಲಿ ಎರಡು ಪದರದ್ದು 2.8ರ ಹತ್ತಿರ, ಶಾಖವನ್ನು ತಿರುಗಿ ಕಳಿಸುವ ಲೋ-ಇ ಲೇಪನ ಇದ್ದು ನಡುವೆ ಆರ್ಗಾನ್ ಅನಿಲ ತುಂಬಿದ್ದರೆ 1.1ರ ಹತ್ತಿರ. ಅಂಕಿ ಕಡಿಮೆಯಾದಷ್ಟೂ ಒಳ್ಳೇದು. ಒಳ್ಳೇ ಮರದ ಚೌಕಟ್ಟಿಗೆ ಒಂಟಿ ಗಾಜು ಹಾಕಿ ಶಾಖ ಉಳಿಸುತ್ತೇನೆ ಅಂದರೆ ಆಗದ ಮಾತು. ಹಳೇ ಚೌಕಟ್ಟು ತೆಳ್ಳಗಿದ್ದು ಎರಡು ಪದರದ ಗಾಜು ಹಿಡಿಯದಿದ್ದರೆ ಒಳಗಿನ ಕಡೆ ಇನ್ನೊಂದು ಗಾಜಿನ ಕದ ಕೂರಿಸಬಹುದು, ಹಳೇ ಕಿಟಕಿಯನ್ನು ಮುಟ್ಟುವುದೇ ಬೇಡ.

ಈಗ ನನಗೆ ನಿಜಕ್ಕೂ ಹೊಟ್ಟೆ ಉರಿಸಿದ ವಿಷಯ. ಎರಡು ವರ್ಷದ ಹಿಂದೆ ಮಗಳ ಕೋಣೆಗೆ ಹೊಸ ಬಾಗಿಲು ತಂದೆವು. ಪೂರ್ತಿ ಮರದ್ದು ಅಂತ ಹೇಳಿ ಕೊಟ್ಟರು. ಕೂರಿಸಿದ ದಿನದಿಂದ ಕೋಣೆಯಲ್ಲಿ ಒಂದು ಘಾಟು. ರಾತ್ರಿ ಬಾಗಿಲು ಹಾಕಿ ಮಲಗಿದರೆ ಬೆಳಿಗ್ಗೆ ಮಗಳಿಗೆ ಕಣ್ಣುರಿ. ಬಣ್ಣದ ವಾಸನೆ ಇರಬೇಕು, ಹೋಗುತ್ತೆ ಅಂತ ಸುಮ್ನೆ ಇದ್ದೆವು. ತಿಂಗಳಾದರೂ ಹೋಗಲಿಲ್ಲ. ಬೀಗಕ್ಕೆ ತೂತು ಕೊರೆದಾಗ ನೋಡಿದರೆ ಮೇಲೆ ಹಾಳೆಯಷ್ಟು ತೆಳು ಮರದ ಪದರ, ಒಳಗೆಲ್ಲ ಎಂಡಿಎಫ್. ಮರದ ಸಣ್ಣ ನಾರುಗಳಿಗೆ ಅಂಟು ಹಾಕಿ ಒತ್ತಿದ ಹಲಗೆ. ಕೇಳಿದರೆ ಅದೂ ಮರವೇ ಅಲ್ವಾ ಅಂದರು.

ಮರವೇ ಹೌದು, ಅಂಟು ಮರವಲ್ಲ. ಇಂಥ ಹಲಗೆಗಳಲ್ಲಿ ಹೆಚ್ಚಾಗಿ ಬಳಸುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಸೆಖೆ ಹೆಚ್ಚಾದರೆ, ಗಾಳಿಯಲ್ಲಿ ತೇವ ಹೆಚ್ಚಾದರೆ ಇನ್ನೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಟ್ಟ ಮಿತಿ, 30 ನಿಮಿಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 0.1 ಮಿಲಿಗ್ರಾಂ. ನಮ್ಮ ಕೋಣೆಯಲ್ಲಿ ಎಷ್ಟಿತ್ತೋ ನಾವು ಅಳೆಯಲಿಲ್ಲ, ಮಗಳ ಕಣ್ಣುರಿಗೆ ಅದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಬಾಗಿಲು ಬದಲಾಯಿಸಿದ ಮೇಲೆ ಘಾಟು ಹೋಯಿತು, ಕಣ್ಣುರಿಯೂ ನಿಂತಿತು. ಅಷ್ಟು ಮಾತ್ರ ಗೊತ್ತು.

ಅದಕ್ಕೇ ಈಗ ಯಾರಾದರೂ ಬಾಗಿಲು ತರುತ್ತೇನೆ ಅಂದರೆ ನಾನು ಹೇಳುವುದು ಒಂದೇ, ಅಂಚು ನೋಡಿ. ಮುಖ ನೋಡಬೇಡಿ. ಬಾಗಿಲಿನ ಮೇಲಿನ ಅಂಚಿಗೆ ಕೈ ಆಡಿಸಿ, ಕೆಳಗಿನ ಅಂಚಿಗೆ ಟಾರ್ಚ್ ಬಿಡಿ. ಇಡೀ ಮರವಾದರೆ ಎಳೆ ಕಾಣುತ್ತದೆ, ಮುಖದ ಎಳೆ ಅಂಚಿಗೆ ತಿರುಗಿ ಮುಂದುವರಿಯುತ್ತದೆ. ಎಂಡಿಎಫ್ ಥರದ ಹಲಗೆಯಾದರೆ ಹಿಟ್ಟು ಒತ್ತಿದ ಹಾಗೆ ನಯವಾಗಿರುತ್ತದೆ. ಹಲಗೆಯ ಬಾಗಿಲು ಬೇಡವೇ ಬೇಡ ಅಂತ ಅಲ್ಲ, ತಂದರೆ ಅನಿಲ ಕಡಿಮೆ ಬಿಡುವ ದರ್ಜೆಯದು ತನ್ನಿ, ಆರೂ ಮೈಗೂ, ಅಂದರೆ ಮೇಲಿನ ಕೆಳಗಿನ ಅಂಚಿಗೂ ಸೇರಿ, ಬಣ್ಣ ಅಥವಾ ಲೇಪನ ಮುಚ್ಚಿಸಿ. ಅನಿಲ ಜಾಸ್ತಿ ಹೊರಬರುವುದು ಆ ಬರಿ ಅಂಚಿನಿಂದಲೇ, ನೀರು ಒಳಗೆ ಹೋಗುವುದೂ ಅಲ್ಲಿಂದಲೇ.

ಇನ್ನು ಯಾವ ಮರ? ಎಲ್ಲರೂ ಜಾತಿ ಕೇಳುತ್ತಾರೆ, ತೇಗವಾ ಓಕಾ ಪೈನಾ ಅಂತ. ಜಾತಿಯಷ್ಟೇ ಮುಖ್ಯ ಚೇಗು. ಕಾಂಡದ ನಡುವಿನ ಗಾಢ ಬಣ್ಣದ ಭಾಗ ಚೇಗು, ಸುತ್ತ ಇರುವ ಬಿಳಿ ಭಾಗ ಮರ ಬದುಕಿದ್ದಾಗ ನೀರು ಸಾಗಿಸುತ್ತಿದ್ದದ್ದು. ಯುರೋಪಿನ ಮಾನದಂಡದಲ್ಲಿ ಮರದ ಬಾಳಿಕೆಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, 1 ಅಂದರೆ ಎಲ್ಲಕ್ಕಿಂತ ಗಟ್ಟಿ. ಕಾಡಿನ ತೇಗದ ಚೇಗಿಗೆ 1, ಯುರೋಪಿನ ಓಕ್ ಚೇಗಿಗೆ 2ರಿಂದ 4. ಬಿಳಿ ಭಾಗಕ್ಕೆ ಮಾತ್ರ, ಅದು ಯಾವ ಜಾತಿಯ ಮರದ್ದೇ ಆಗಲಿ, 5 ಅಂತಲೇ ಲೆಕ್ಕ. ತೇಗದ ಬಿಳಿ ಭಾಗದಿಂದ ಮಾಡಿದ ಕಿಟಕಿಗೆ ತೇಗದ ಹೆಸರಿರುತ್ತದೆ, ಬಾಳಿಕೆ ಇರುವುದಿಲ್ಲ. ತೋಟದಲ್ಲಿ ಬೇಗ ಬೆಳೆಸಿದ ತೇಗವೂ ಹಾಗೇ, ಕೆಲವು 1ಕ್ಕೆ ನಿಲ್ಲುತ್ತವೆ, ಕೆಲವು 3ಕ್ಕೆ ಇಳಿಯುತ್ತವೆ. ಕಾಡು ಕಡಿದು ತಂದ ಹಳೇ ಮರಕ್ಕೆ ಆಸೆ ಪಡುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮನೆ ಕೆಡವಿದ ಕಡೆ ಸಿಗುವ ಹಳೇ ದಾರಂದ, ತೊಲೆಗಳಿಂದ ಮಾಡಿಸಿ, ಅವು ಒಣಗಿ ಎಷ್ಟೋ ವರ್ಷವಾಗಿರುತ್ತದೆ. ಹೊಸದೇ ಬೇಕಾದರೆ 1993ರಲ್ಲಿ ಶುರುವಾದ ಎಫ್‌ಎಸ್‌ಸಿ, 1999ರ ಪಿಇಎಫ್‌ಸಿ, ಕಾಡನ್ನು ಹಾಳುಮಾಡದೆ ತೆಗೆದ ಮರ ಅನ್ನುವ ಇಂಥ ಗುರುತು ಇದೆಯಾ ಅಂತ ಕೇಳಿ. ಮೆತ್ತನೆ ಮರವನ್ನೇ ಹೆಚ್ಚು ಬಾಳಿಕೆ ಬರುವ ಹಾಗೆ ಮಾಡುವ ದಾರಿಗಳೂ ಇವೆ. 200 ಡಿಗ್ರಿ ಆಸುಪಾಸಿನಲ್ಲಿ ಆಮ್ಲಜನಕ ಇಲ್ಲದೆ ಕಾಯಿಸುವುದು ಒಂದು, ಮರ ಸ್ವಲ್ಪ ಪೆಡಸಾಗುತ್ತದೆ ಆದರೆ ನೀರು ಹೀರುವುದು ಕಡಿಮೆ. ವಿನೆಗರ್ ಆಮ್ಲಕ್ಕೆ ಹತ್ತಿರದ ರಾಸಾಯನಿಕವಾದ ಅಸಿಟಿಕ್ ಅನ್‌ಹೈಡ್ರೈಡ್ ಕುಡಿಸುವುದು ಇನ್ನೊಂದು. ಎರಡರಲ್ಲೂ ವಿಷ ಸೇರಿಸುವುದಿಲ್ಲ. ಹಿಂದೆ ಆರ್ಸೆನಿಕ್ ಸೇರಿದ ದ್ರಾವಣವನ್ನು ಮರಕ್ಕೆ ಕುಡಿಸುತ್ತಿದ್ದರು. ಅಂಥ ಹಳೇ ಹಸಿರು ಛಾಯೆಯ ಮರ ಸಿಕ್ಕರೆ ಒಲೆಗೆ ಹಾಕಬೇಡಿ, ಹೊಗೆಯೂ ಬೂದಿಯೂ ವಿಷ.

ಒಣಗಿಸುವ ವಿಷಯದಲ್ಲಿ ಅವಸರ ಬೇಡ. ಹಸಿ ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಳವಣಿಗೆಯ ಉಂಗುರಗಳ ಸುತ್ತಳತೆಯ ದಿಕ್ಕಿಗೆ ಕುಗ್ಗುವುದು, ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಹಲಗೆ ಸೊಟ್ಟಗಾಗುವುದು ಇದೇ ಕಾರಣಕ್ಕೆ. ಬಡಗಿಯ ಹತ್ತಿರ ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಇದ್ದರೆ ನಿಮ್ಮ ಎದುರೇ ಚುಚ್ಚಿ ತೋರಿಸಲು ಹೇಳಿ.

ಬಣ್ಣ ಕೆರೆಯುವ ಮೊದಲು ಒಂದು ಎಚ್ಚರ. ಹಳೇ ಕಿಟಕಿಯ ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಜ್ಜಿದರೆ ಅದು ಧೂಳಾಗಿ ಮಕ್ಕಳ ಕೈಗೆ, ಬಾಯಿಗೆ ಹೋಗುತ್ತದೆ, ಇಷ್ಟು ಸೀಸ ಆದರೆ ಪರವಾಗಿಲ್ಲ ಅನ್ನುವ ಮಿತಿಯೇ ಇಲ್ಲ. ನೀರು ಚಿಮುಕಿಸಿ ಒದ್ದೆ ಮಾಡಿ ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಒಳ್ಳೇ ಮಾಸ್ಕ್ ಹಾಕಿ. ಬರೀ ಮರದ ಧೂಳಿಗೂ ಮಾಸ್ಕ್ ಬೇಕು, ಅದೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇದೆ.

ಮೇಲೆ ಏನು ಬಳಿಯುವುದು? ಮೊದಲು ನಾನು ಅಗಸೆ ಎಣ್ಣೆಯೊಂದೇ ಸಾಕು ಅಂತ ನಂಬಿದ್ದೆ. ಒಳಗಿನ ಬಾಗಿಲುಗಳಿಗೆ ಚೆನ್ನಾಗೇ ಆಯಿತು, ಮುಟ್ಟಿದರೆ ಮರ ಮುಟ್ಟಿದ ಹಾಗೇ ಇದೆ. ಅದೇ ಬರೀ ಎಣ್ಣೆಯನ್ನು ಮಳೆ ಬೀಳುವ ಹೊರಮೈಗೆ ಬಳಿದೆ, ಒಂದೇ ಮಳೆಗಾಲಕ್ಕೆ ಕಪ್ಪು ಚುಕ್ಕಿ ಎದ್ದಿತು. ಎಣ್ಣೆ ಬೂಷ್ಟಿಗೆ ಊಟ ಅಂತ ಆಮೇಲೆ ತಿಳಿಯಿತು. ಈಗ ಹೊರಗೆ ನೀರಿನ ಆಧಾರದ, ವಾಸನೆ ಕಡಿಮೆ ಇರುವ, ಒಳಗಿನ ಆವಿಯನ್ನು ಹೊರಗೆ ಬಿಡುವ ಬಣ್ಣ. ದಪ್ಪ ಪದರದ ಹೊಳಪು ವಾರ್ನಿಷ್ ಬೇಡ, ಅದು ಬಿಸಿಲಿಗೆ ಒಂದು ಕಡೆ ಸೀಳಿದರೆ ಒಳಗೆ ಇಳಿದ ನೀರು ಸಿಕ್ಕಿಕೊಳ್ಳುತ್ತದೆ.

ಎಣ್ಣೆ ಒರೆಸಿದ ಬಟ್ಟೆಯ ಬಗ್ಗೆ ಎಲ್ಲರಿಗೂ ಹೇಳುತ್ತೇನೆ, ನಿಮಗೂ ಹೇಳುತ್ತೇನೆ. ಅಗಸೆ ಎಣ್ಣೆ ಒಣಗುವುದು ಅಂದರೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುವುದು, ಆಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಉಂಡೆ ಕಟ್ಟಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಸೇರಿಕೊಂಡು, ಯಾರೂ ಕಡ್ಡಿ ಗೀರದೆ, ತಾನಾಗಿ ಹೊತ್ತಿಕೊಳ್ಳುತ್ತದೆ. ನಾನು ಒಮ್ಮೆ ಮಧ್ಯಾಹ್ನ ಬಕೆಟ್‌ನಲ್ಲಿ ಮುದುರಿಟ್ಟ ಬಟ್ಟೆಯನ್ನು ಸಂಜೆ ಮುಟ್ಟಿದಾಗ ಇಸ್ತ್ರಿ ಮಾಡಿದ ಬಟ್ಟೆಯಷ್ಟು ಬಿಸಿ ಇತ್ತು. ಮನೆಯಲ್ಲಿ ಮಕ್ಕಳು ಮಲಗಿದ್ದರು. ಆವತ್ತಿನಿಂದ ಬಟ್ಟೆಯನ್ನು ಹೊರಗೆ ಒಂದೊಂದಾಗಿ ಬಿಡಿಸಿ ಒಣಹಾಕುತ್ತೇನೆ, ಇಲ್ಲವೇ ನೀರಲ್ಲಿ ಮುಳುಗಿಸಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಇಡುತ್ತೇನೆ.

ಕಿಟಕಿ ಈಗ ಮತ್ತೆ ಗೋಡೆಯಲ್ಲಿದೆ. ಬಿಗಿಯಾಗಿ ಮುಚ್ಚಿಕೊಳ್ಳಲಿ ಅಂತ ಸುತ್ತ ರಬ್ಬರ್ ಪಟ್ಟಿ ಹಾಕಿದೆವು, ಮುಚ್ಚಿದರೆ ಹೊರಗಿನ ಸದ್ದೂ ಕಡಿಮೆ. ಬಿಗಿ ಮಾಡಿದ ಮೇಲೆ ಬೆಳಿಗ್ಗೆ ಎದ್ದ ಕೂಡಲೇ ಇದನ್ನೂ ಎದುರಿನ ಕಿಟಕಿಯನ್ನೂ ಹತ್ತು ನಿಮಿಷ ಪೂರ್ತಿ ತೆರೆಯುವುದು ಅಭ್ಯಾಸ ಮಾಡಿಕೊಂಡಿದ್ದೇವೆ. ರಾತ್ರಿಯಿಡೀ ಉಸಿರಾಡಿದ ತೇವ ಹೊರಗೆ ಹೋಗಬೇಕಲ್ಲ. ಮೊನ್ನೆ ಜೋರು ಮಳೆ ಬಂದಾಗ ನಾನೂ ಮಗಳೂ ಕಿಟಕಿಯ ಪಕ್ಕ ಕೂತು ಕೆಳಗಿನ ಪಟ್ಟಿಯನ್ನೇ ನೋಡುತ್ತಿದ್ದೆವು. ಹನಿಗಳು ಅಂಚಿಗೆ ಬಂದು, ಗ್ರೂವ್ ತನಕ ಹೋಗಿ, ಅಲ್ಲಿಂದ ಒಂದೊಂದೇ ಕೆಳಗೆ ಬೀಳುತ್ತಿದ್ದವು. ಒಳಗಿನ ಕಡೆ ಕೈ ಆಡಿಸಿದೆ, ಒಣಗಿತ್ತು. ಮುಂದಿನ ವಾರ ಬಚ್ಚಲ ಬಾಗಿಲಿನ ದಾರಂದದ ಎಡಗಾಲು ಬಿಚ್ಚುತ್ತೇವೆ. ಮೊನೆ ಇಟ್ಟು ನೋಡಿದ್ದೇನೆ, ಅಲ್ಲೂ ಕೆಟ್ಟಿರುವುದು ಮೂರು ಇಂಚೇ.